ಪಟ್ಟಿ ಬಿಟ್ಟು ಪ್ಯಾರಾ ಹಿಡಿದೆ: ರಾಜಕೀಯ ಸಿದ್ಧಾಂತ ಕಲಿಸಿದ ಅನುಭವ

ಮೊದಲ ವರ್ಷದವರ ಕೈಗೆ ಮೂಲ ಪಠ್ಯ ಕೊಟ್ಟರೆ ತರಗತಿ ಖಾಲಿಯಾಗುತ್ತದೆ ಅಂದವರೇ ಹೆಚ್ಚು. ಖಾಲಿಯಾಗಲಿಲ್ಲ. ನಲವತ್ತರ ಆಸುಪಾಸಿನ ತರಗತಿಯಲ್ಲಿ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮುಕ್ಕಾಲು ಪಾಲು ಮಂದಿ ಗೈಡು ಮುಟ್ಟದೆ ಒಂದು ವಾದವನ್ನು ಬಿಡಿಸಿ, ಅದು ಸಡಿಲವಾಗಿರುವ ಜಾಗ ತೋರಿಸುತ್ತಿದ್ದರು. ಉದಾರವಾದ, ಸಮಾಜವಾದ ಎಂದು ಪಟ್ಟಿ ಹಿಡಿದು ಹೊರಡುವ ಕ್ರಮದಲ್ಲಿ ಅಂಥವರು ಬೆರಳೆಣಿಕೆಯಷ್ಟೇ.

ಶುರುವಿಗೆ ಇಂಗ್ಲಿಷ್ ತತ್ವಜ್ಞಾನಿ ಥಾಮಸ್ ಹಾಬ್ಸ್‌ನ ‘ಲೆವಯಥನ್’ (1651), ಅದರಲ್ಲೂ 13ನೇ ಅಧ್ಯಾಯ ಮಾತ್ರ. ತರಗತಿಗೆ ಎರಡು ಪ್ಯಾರಾ, ನಾಲ್ವರ ಗುಂಪು, ಗುಂಪಿಗೆ ಮೂರು ಸಾಲು: ತೀರ್ಮಾನ ಏನು, ಕೊಟ್ಟ ಕಾರಣ ಏನು, ಹೇಳದೇ ಬಿಟ್ಟ ಊಹೆ ಯಾವುದು. ಕಸರತ್ತೆಲ್ಲ ಮೂರನೆಯದರಲ್ಲಿ. ಇಬ್ಬರೂ ಒಂದನ್ನೇ ಬಯಸಿ, ಇಬ್ಬರಿಗೂ ಅದು ದಕ್ಕದಿದ್ದರೆ ಶತ್ರುಗಳಾಗುತ್ತಾರೆ ಎನ್ನುತ್ತಾನೆ ಹಾಬ್ಸ್. ಸರದಿ ಹಾಕಿಕೊಳ್ಳಲು, ಚೌಕಾಸಿ ಮಾಡಲು ಯಾಕಾಗದು? ಈ ಪ್ರಶ್ನೆ ಗುಂಪಿನಿಂದಲೇ ಬರಬೇಕು. ನಾವು ಬಾಯಿಬಿಟ್ಟರೆ ಅದೂ ನೋಟ್ಸ್ ಆಗಿಬಿಡುತ್ತದೆ.

ಎಲ್ಲರೂ ಎಡವುವುದು ನಿಸರ್ಗ ಸ್ಥಿತಿಯನ್ನು, ಅಂದರೆ ಆಳುವವರೇ ಇಲ್ಲದಿದ್ದರೆ ಜನ ಹೇಗಿರುತ್ತಾರೆಂಬ ಹಾಬ್ಸ್ ಕಲ್ಪನೆಯನ್ನು, ಆದಿಮಾನವನ ಇತಿಹಾಸವೆಂದು ಓದುವಲ್ಲಿ. ಅದಕ್ಕೆ ಮದ್ದು ಅದೇ ಅಧ್ಯಾಯದಲ್ಲಿದೆ. ಕಾನೂನು, ಕಾವಲು ಎಲ್ಲ ಇದ್ದೂ ನೀನು ಮಲಗುವಾಗ ಬಾಗಿಲಿಗೆ, ಮನೆಯೊಳಗಿನ ಪೆಟ್ಟಿಗೆಗೆ ಬೀಗ ಹಾಕುತ್ತೀಯಲ್ಲ, ಜೊತೆಯವರ ಬಗ್ಗೆ ನಿನ್ನ ಅಭಿಪ್ರಾಯವೇನು ಎಂದು ಆತ ಕೇಳುವ ಭಾಗ. ಅದನ್ನು ಮೊದಲು ಓದಿಸಿ, ಆಮೇಲೆ ಅಧ್ಯಾಯದ ಆರಂಭಕ್ಕೆ ಬನ್ನಿ. ಗೊಂದಲ ಅರ್ಧಕ್ಕಿಳಿಯುತ್ತದೆ.

ಹಳೆಯ ಇಂಗ್ಲಿಷ್ ಕಷ್ಟವೆಂಬ ತಕರಾರು ನಿಜವೇ. ಅರ್ಲಿ ಮಾಡರ್ನ್ ಟೆಕ್ಸ್ಟ್ಸ್ ತಾಣದ ಸರಳ ರೂಪ ಉಚಿತವಾಗಿ ಸಿಗುತ್ತದೆ, ಅರ್ಥ ಹಿಡಿಯಲು ಸಾಕು. ಆದರೆ ಅಲ್ಲಿ ವಾಕ್ಯಗಳನ್ನೇ ತಿದ್ದಿದ್ದಾರೆ. ಉಲ್ಲೇಖಕ್ಕೆ ಮೂಲವೇ ಬೇಕು, ಇಲ್ಲದಿದ್ದರೆ ಹಾಬ್ಸ್ ಬರೆಯದ ವಾಕ್ಯ ಹಾಬ್ಸ್ ಹೆಸರಲ್ಲಿ ಪ್ರಬಂಧ ಸೇರುತ್ತದೆ.

ನಂತರ ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್‌ನ ‘ಎರಡನೇ ಪ್ರಬಂಧ’ದಲ್ಲಿ ಸ್ವತ್ತಿನ ಬಗೆಗಿನ 5ನೇ ಅಧ್ಯಾಯ. ದುಡಿದವನಿಗೆ ದುಡಿಮೆಯ ಫಲ ಎಂದು ಎಲ್ಲರೂ ಸಲೀಸಾಗಿ ಒಪ್ಪಿಕೊಂಡ ಮೇಲೆ 28ನೇ ವಿಭಾಗ ತೆಗೆಸಿ: ನನ್ನ ಆಳು ಕಡಿದ ಹುಲ್ಲುಹೆಂಟೆಯೂ ನನ್ನದೇ ಎನ್ನುತ್ತಾನೆ. ದುಡಿದವನು ಆಳು, ಸ್ವತ್ತು ಒಡೆಯನದು, ಹೇಗೆ? ಆ ತರಗತಿ ಗಂಟೆ ಹೊಡೆದರೂ ಮುಗಿಯುವುದಿಲ್ಲ. ಇತರರಿಗೂ ಸಾಕಷ್ಟು ಉಳಿದಿರಬೇಕೆಂಬ 27ನೇ ವಿಭಾಗದ ಷರತ್ತು ಗಟ್ಟಿಯಾದರೆ, ಅದನ್ನೇ ಮತ್ತೆ ಕೈಗೆತ್ತಿಕೊಂಡ ಅಮೆರಿಕದ ಚಿಂತಕ ರಾಬರ್ಟ್ ನೋಜಿಕ್ (1974) ಅರ್ಧ ಮುಗಿದಂತೆ. ಸಾಮಾಜಿಕ ಒಪ್ಪಂದದ ಚಿಂತಕ ರೂಸೋಗೆ ಒಂದೇ ವಾರ, ಅಷ್ಟು ಸಾಕು.

ಸಂಶೋಧನಾ ಕೌಶಲವನ್ನು ಬೇರೆ ಪತ್ರಿಕೆಯಾಗಿ ಕಲಿಸುವುದು ದಂಡ. ಒಂದು ಸುಳ್ಳು ಉಲ್ಲೇಖ ಕೊಟ್ಟು ಮೂಲ ಹುಡುಕಿಸಿ. ‘ನಿನ್ನ ಮಾತು ಒಪ್ಪದಿದ್ದರೂ ಅದನ್ನು ಹೇಳುವ ನಿನ್ನ ಹಕ್ಕಿಗಾಗಿ ಪ್ರಾಣ ಕೊಡುವೆ’ ಎಂಬುದನ್ನು ವಾಲ್ಟೇರ್ ತಲೆಗೆ ಕಟ್ಟುತ್ತಾರಲ್ಲ, ಅದನ್ನು ಬರೆದದ್ದು ಈವ್ಲಿನ್ ಬಿಯಾಟ್ರಿಸ್ ಹಾಲ್, 1906ರಲ್ಲಿ. ಇಡೀ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ಗೂಗಲ್ ಬುಕ್ಸ್‌ನಲ್ಲಿ ಕಾಲಮಿತಿ ಹಾಕಿ ಹಿಂದೆ ಹಿಂದೆ ಹೋಗಬೇಕು. ಅಲ್ಲಿನ ಇಸವಿ ನಂಬುವಂತಿಲ್ಲ, ನಿಯತಕಾಲಿಕಗಳದ್ದಂತೂ ಮೊದಲ ಸಂಚಿಕೆಯ ವರ್ಷ ತೋರಿಸಿಬಿಡುತ್ತದೆ. ಶೀರ್ಷಿಕೆ ಪುಟ ತೆರೆದು ನೋಡಿದ ಮೇಲೆಯೇ ಅಂಕ. ಎಐ ಹುಟ್ಟಿಸುವ ಕಟ್ಟುಕತೆಯ ಉಲ್ಲೇಖಗಳಿಗೂ ಇದೇ ಕಡಿವಾಣ: ಪುಟದ ಚಿತ್ರವಿಲ್ಲದ ಆಕರ ಲೆಕ್ಕಕ್ಕಿಲ್ಲ.

ಪ್ರಬಂಧದ ವಿಷಯ ‘ಪ್ರಜಾಪ್ರಭುತ್ವ ಮತ್ತು ಸ್ವಾತಂತ್ರ್ಯ’ ಎಂದು ಬಂದರೆ ವಾಪಸ್. ಒಬ್ಬ ಲೇಖಕ, ಒಂದು ಅಧ್ಯಾಯ, ಒಂದು ತೊಡಕು ಇರಲೇಬೇಕು. ಉದಾಹರಣೆಗೆ, ಧಾನ್ಯ ವ್ಯಾಪಾರಿಗಳು ಬಡವರನ್ನು ಉಪವಾಸ ಕೆಡವುತ್ತಾರೆಂದು ಪತ್ರಿಕೆಯಲ್ಲಿ ಬರೆಯಬಹುದು, ವ್ಯಾಪಾರಿಯ ಮನೆ ಮುಂದೆ ಉದ್ರಿಕ್ತ ಗುಂಪಿಗೆ ಹೇಳಿದರೆ ಶಿಕ್ಷೆ ನ್ಯಾಯವೇ ಎನ್ನುತ್ತಾನೆ ‘ಆನ್ ಲಿಬರ್ಟಿ’ (1859) ಬರೆದ ಜಾನ್ ಸ್ಟುವರ್ಟ್ ಮಿಲ್. ಬರೆದದ್ದೇ ಕ್ಷಣದಲ್ಲಿ ಗುಂಪಿನ ಕೈ ಸೇರುವಾಗ ಈ ಗೆರೆ ನಿಲ್ಲುತ್ತದೆಯೇ? ಇದು ಪ್ರಶ್ನೆ. ಎರಡು ಸಾವಿರ ಪದಕ್ಕೆ ಧಾರಾಳ.

ಖರ್ಚು ಅಂದರೆ ವಾರಕ್ಕೆ ತಲಾ ಎರಡು ಹಾಳೆ ಜೆರಾಕ್ಸ್. ಕೃತಿಚೌರ್ಯ ಹಿಡಿಯುವ ತಂತ್ರಾಂಶಕ್ಕೆ ದುಡ್ಡು ಸಿಗಲಿಲ್ಲ, ಅದರ ಕೊರತೆಯೂ ಕಾಣಲಿಲ್ಲ. ಆಕರಗಳ ಪಟ್ಟಿ ಇಡುವ ತಂತ್ರಾಂಶ ಜೊಟೇರೊ ಉಚಿತ, ಆದರೆ ಆನ್‌ಲೈನ್ ಸಂಗ್ರಹಕ್ಕೆ ಉಚಿತ ಜಾಗ 300 ಎಂಬಿ, ಪಿಡಿಎಫ್ ಸೇರಿಸುತ್ತ ಹೋದರೆ ಬೇಗ ತುಂಬುತ್ತದೆ. ಫೈಲ್ ಸಿಂಕ್ ನಿಲ್ಲಿಸಿ, ವಿವರಗಳಷ್ಟೇ ಸಿಂಕ್ ಆಗಲಿ. ಮರುಮುದ್ರಣದ ಇಸವಿ ಹಾಗೇ ಬಿಟ್ಟರೆ ಹಾಬ್ಸ್ 1996ರಲ್ಲಿ ಬರೆದಂತೆ ಕಾಣುತ್ತದೆ. ‘ಎಕ್ಸ್‌ಟ್ರಾ’ ಕಾಲಂನಲ್ಲಿ ‘ಒರಿಜಿನಲ್ ಡೇಟ್: 1651’ ಎಂದು ಇಂಗ್ಲಿಷ್‌ನಲ್ಲಿ ಹಾಕಿದರೆ ಎಪಿಎ ಎಂಬ ಉಲ್ಲೇಖ ಶೈಲಿ ಎರಡೂ ವರ್ಷ ತೋರಿಸುತ್ತದೆ.

ನಡುವೆ ಹಾಬ್ಸ್-ಲಾಕ್ ವೇಷದ ಚರ್ಚೆಯನ್ನೂ ಆಡಿಸಿ ನೋಡಿದೆ. ಮಾತಿನ ಮಲ್ಲರು ಪಠ್ಯ ಓದದೆಯೇ ಗೆದ್ದರು. ಪ್ಯಾರಾ ಸಂಖ್ಯೆ ಹೇಳದೆ ಬಾಯಿ ತೆರೆಯುವಂತಿಲ್ಲ ಎಂಬ ನಿಯಮ ಬಂದ ಮೇಲೆ ಗದ್ದಲ ಇಳಿಯಿತು, ಮೂಲೆಯಲ್ಲಿ ಕೂರುವವರಿಗೂ ಸರದಿ ಸಿಕ್ಕಿತು.

ಗುಂಪುಗಳನ್ನು ಹೇಗೆ ಕಟ್ಟುತ್ತೇನೆ, ಯಾವ ವಾರದ ಹಾಳೆಯಲ್ಲಿ ಬೇಕೆಂದೇ ಒಂದು ಖೋಟಾ ಉಲ್ಲೇಖ ತೂರಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ವಿದ್ಯಾರ್ಥಿಗಳೂ ಓದುತ್ತಾರೆ.