ದುಡ್ಡಿತ್ತು, ಡಾಲರ್ ಇರಲಿಲ್ಲ

ಚಿಕ್ಕಬಳ್ಳಾಪುರದ ಸುತ್ತಮುತ್ತ ಬೆಳೆಯುವ ಗುಲಾಬಿ ಈರುಳ್ಳಿ ನಮ್ಮ ಅಡುಗೆಮನೆಗೆ ಬರೋದು ಕಮ್ಮಿ. ಅದರ ಗಿರಾಕಿಗಳೆಲ್ಲ ಶ್ರೀಲಂಕಾ, ಮಲೇಷ್ಯಾ, ಸಿಂಗಾಪುರದ ಕಡೆ. ನಾನು ರೈತರಿಂದ ಕೊಂಡು, ಆರಿಸಿ, ಬಲೆಚೀಲಕ್ಕೆ ತುಂಬಿಸಿ ಚೆನ್ನೈ ಬಂದರಿಗೆ ಕಳಿಸುತ್ತೇನೆ. ಮಾಲು ಚೆನ್ನಾಗಿದ್ದರೆ ದುಡ್ಡು ತಾನಾಗಿ ಬರುತ್ತೆ ಅಂತಲೇ ಬಹಳ ದಿನ ನಂಬಿದ್ದೆ.

2022ರ ಜನವರಿಯಲ್ಲಿ ಕೊಲಂಬೊಗೆ ಒಂದು ಕಂಟೇನರ್ ಹೋಯಿತು. 60 ದಿನದ ಉದ್ರಿ. ಹಳೇ ಗಿರಾಕಿ, ಬಿಲ್ಲಿಗೆ ಸಹಿ ಹಾಕಿ ಮಾಲು ಬಿಡಿಸಿಕೊಂಡ, ವಾರದಲ್ಲಿ ಮಾರಿಯೂ ಆಯಿತು. ವಾಯಿದೆ ಮುಗಿದರೂ ಹಣ ಬರಲಿಲ್ಲ. ಫೋನ್ ಮಾಡಿದೆ. "ಕಾಸು ಇರುಕ್ಕು ಅಣ್ಣಾ, ಡಾಲರ್‌ದಾನ್ ಇಲ್ಲೆ" ಅಂದ. ಸುಳ್ಳಲ್ಲ. ಲಂಕಾ ರೂಪಾಯಿ ಅವನ ಖಾತೆಯಲ್ಲೇ ಇತ್ತು, ಅದನ್ನು ಡಾಲರ್ ಮಾಡಿಕೊಡಲು ಅವನ ಬ್ಯಾಂಕಿನಲ್ಲಿ ಡಾಲರ್ ಇರಲಿಲ್ಲ. ಏಪ್ರಿಲ್‌ನಲ್ಲಿ ಆ ದೇಶವೇ ವಿದೇಶಿ ಸಾಲ ಕಟ್ಟಲಾಗದು ಅಂತ ಕೈಚೆಲ್ಲಿತು. ಮಾಲು ಹೋದಾಗ ಡಾಲರಿಗೆ 200 ಚಿಲ್ಲರೆ ಇದ್ದ ಅವರ ರೂಪಾಯಿ 300 ದಾಟಿತು. ಪಾಪ, ಹಳೇ ರೇಟಿಗೆ ಮಾರಿದ ಈರುಳ್ಳಿಗೆ ಅವನು ಹೆಚ್ಚುಕಮ್ಮಿ ಒಂದೂವರೆಪಟ್ಟು ಕಟ್ಟಬೇಕು.

ಇತ್ತ ನಾನು ರೈತರಿಗೆ ಕೊಟ್ಟಿದ್ದು ಪ್ಯಾಕಿಂಗ್ ಕ್ರೆಡಿಟ್ ದುಡ್ಡು, ಅಂದ್ರೆ ರಫ್ತಿಗೆ ಮುಂಚೆ ಬ್ಯಾಂಕು ಕೊಡುವ ಸಾಲ. ರಫ್ತಿನ ಹಣ ಬಂದರೇ ಅದು ತೀರೋದು. ಬಡ್ಡಿ ಓಡುತ್ತಲೇ ಇತ್ತು. ರಫ್ತಿನ ಹಣ ಬಾರದಿದ್ದರೆ ನಷ್ಟ ತುಂಬಿಕೊಡುವ ಸರ್ಕಾರಿ ಕಂಪನಿ ಇಸಿಜಿಸಿಯ ವಿಮೆ ಇಂಥದ್ದಕ್ಕೂ ಇದೆ, ಆದ್ರೆ ಪ್ರೀಮಿಯಂ ಉಳಿಸೋಣ ಅಂತ ಸುಮ್ನಿದ್ದೆ. ಜಿಪುಣತನ, ಅಲ್ವಾ? ಕಂತುಕಂತಾಗಿ ಪೂರ್ತಿ ಹಣ ಸೇರುವಾಗ ಆಗಸ್ಟ್. ಅಷ್ಟರಲ್ಲಿ ನಮ್ಮ ರೂಪಾಯಿಯೂ ಡಾಲರಿಗೆ 75ರ ಆಸುಪಾಸಿನಿಂದ 80ರ ಹತ್ತಿರಕ್ಕೆ ಇಳಿದಿತ್ತು. ಅಷ್ಟೇ ಡಾಲರಿಗೆ ಹೆಚ್ಚು ರೂಪಾಯಿ ಸಿಕ್ಕಿ, ಬಡ್ಡಿಯ ಒಂದಿಷ್ಟು ಅದರಲ್ಲೇ ಹೊಂದಿತು. ಅದು ನನ್ನ ಜಾಣತನವಲ್ಲ.

ಈಗ ಹೊಸ ಗಿರಾಕಿಯಾದರೆ ಎಲ್‌ಸಿ, ಅಂದ್ರೆ ಲೆಟರ್ ಆಫ್ ಕ್ರೆಡಿಟ್, ಇಲ್ಲದೆ ಲೋಡ್ ಮಾಡಲ್ಲ. ಅದು ಕಾಗದಪತ್ರ ಸರಿಯಿದ್ದರೆ ಹಣ ಕೊಡ್ತೀವಿ ಅಂತ ಅವನ ಬ್ಯಾಂಕು ಬರೆದುಕೊಡುವ ಭರವಸೆ. ಆ ದೇಶದ ಮೇಲೇ ಅನುಮಾನವಿದ್ದರೆ ಬೇರೆ ದೇಶದ ಬ್ಯಾಂಕಿನಿಂದ ಕನ್‌ಫರ್ಮ್ ಮಾಡಿಸಿಕೊಳ್ಳುತ್ತೇನೆ, ಅಂದ್ರೆ ಆ ಬ್ಯಾಂಕೂ ಹಣಕ್ಕೆ ಖಾತ್ರಿ ನಿಲ್ಲುತ್ತೆ, ಖರ್ಚು ಜಾಸ್ತಿಯಾದರೂ ಸರಿ. ಆದರೆ ಬ್ಯಾಂಕು ಈರುಳ್ಳಿ ನೋಡಲ್ಲ, ಕಾಗದ ನೋಡುತ್ತೆ. ನನ್ನ ಮೊದಲ ಎಲ್‌ಸಿಯಲ್ಲಿ 'ಬ್ಯಾಂಗಲೋರ್ ರೋಸ್ ಆನಿಯನ್' ಅಂತ ಇತ್ತು. 2015ರಲ್ಲಿ ಜಿಐ, ಅಂದ್ರೆ ಊರಿನ ಹೆಸರಿನ ಬೆಳೆಗೆ ಸಿಗುವ ಭೌಗೋಳಿಕ ಗುರುತು, ಸಿಕ್ಕಿದ್ದೂ ಅದೇ ಹೆಸರಿಗೆ. ನಾನು ಅಭಿಮಾನಕ್ಕೆ ಇನ್‌ವಾಯ್ಸ್‌ನಲ್ಲಿ 'ಬೆಂಗಳೂರು' ಅಂತ ಹಾಕಿದೆ. ತಾಳೆಯಾಗಲ್ಲ ಅಂತ ತಕರಾರು ಬಂತು, ಶುಲ್ಕವೂ ಕಟ್ ಆಯಿತು. ಈಗ ಮಗಳು ಎಲ್‌ಸಿಯನ್ನು ಅಕ್ಷರ ಬಿಡಿಸಿ ಓದುತ್ತಾಳೆ, ನಾನು ಇನ್‌ವಾಯ್ಸ್ ಮೇಲೆ ಬೆರಳಿಟ್ಟುಕೊಂಡು ಟಿಕ್ ಹಾಕುತ್ತೇನೆ.