ನಾಯಿಗೆ ಹೊಟ್ಟೆ ಕೆಟ್ಟಿದೆಯಾ? ಯಾರು ಏನು ಹಾಕಿದ್ರಿ, ಮೊದಲು ಹೇಳಿ

ಬೆಳಗ್ಗೆ ಐದೂವರೆ. ಅಂಗಳದಲ್ಲಿ ಏನೋ ಸದ್ದು. ಎದ್ದು ಹೋಗಿ ನೋಡಿದರೆ ಬಿಜಲಿ ಬೆನ್ನನ್ನು ಬಿಲ್ಲಿನ ಹಾಗೆ ಬಾಗಿಸಿ ನಿಂತಿದ್ದಳು. ಮುಂದೆ ಹಳದಿ ನೊರೆ, ಬಾಯಿಯ ಅಂಚಿನಲ್ಲಿ ಎರಡು ಎಳೆ ಕರಿಕೆ ಹುಲ್ಲು. ಮನೆಯವರನ್ನೆಲ್ಲ ಎಬ್ಬಿಸಿ ನಾನು ಕೇಳಿದ್ದು ಒಂದೇ ಪ್ರಶ್ನೆ: ನಿನ್ನೆ ಯಾರು ಏನು ಹಾಕಿದ್ರಿ?

"ಏನಿಲ್ಲೋ, ಒಂದು ವಾಟಗ ಹಾಲು ಅಷ್ಟ" ಅಂದಳು ಅವ್ವ. ಮಗಳು ಎರಡು ಬಿಸ್ಕತ್ತು ಹಾಕಿದ್ದಳಂತೆ. ತಮ್ಮ ಎಣ್ಣೆಗಾಯಿಯ ಎಣ್ಣೆ ಸವರಿ ಅರ್ಧ ರೊಟ್ಟಿ ಕೊಟ್ಟಿದ್ದ. ನಾನೂ ಒಂದು ತುಂಡು ಆಮ್ಲೆಟ್ ಹಾಕಿದ್ದೆ, ಆದರೆ ಆಗ ಬಾಯಿ ಬಿಡಲಿಲ್ಲ. ಎಲ್ಲರ ಪ್ರೀತಿಯೂ ಒಂದೇ ಹೊಟ್ಟೆಗೆ ಹೋದರೆ ಆಗೋದು ಹೀಗೇ ಅಲ್ವಾ?

ಬಿಜಲಿ ಮುಧೋಳ ತಳಿ. ನಾಲ್ಕು ವರ್ಷ, 22 ಕೆಜಿ. ಈ ತಳಿಗೆ ನಮ್ಮ ಕಡೆ ಇನ್ನೊಂದು ಕಷ್ಟ ಇದೆ. ನೋಡಿದವರೆಲ್ಲ "ಎಲುಬು ಕಾಣಾಕತ್ತಾವಲ್ರಿ, ಚಲೋತ್ನಾಗಿ ತಿನ್ನಸ್ರಿ" ಅನ್ನುತ್ತಾರೆ. ಓಡುವ ಬೇಟೆನಾಯಿಗೆ ಹೊಟ್ಟೆ ಒಳಗೆ ಸೇರಿಕೊಂಡಿರುವುದೇ ಲಕ್ಷಣ, ಕೊನೆಯ ಎರಡು ಮೂರು ಪಕ್ಕೆಲುಬು ಕಂಡರೆ ಅದು ಬಡಕಲಲ್ಲ. 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ತಳಿ ಇದು, 2016ರಲ್ಲಿ ತರಬೇತಿಗೆ ಸೈನ್ಯದ ಮೀರತ್ ಕೇಂದ್ರಕ್ಕೂ ಹೋಯಿತು. ಎಲುಬು ಕಾಣುತ್ತದೆ ಅಂತ ತುಂಬಿಸಲು ಹೋಗುವುದೇ ಅರ್ಧ ಹೊಟ್ಟೆನೋವಿಗೆ ಮೂಲ.

ಮನೆಮದ್ದಿಗೂ ಮೊದಲು

ಅಡುಗೆಮನೆಗೆ ಹೋಗುವ ಮುಂಚೆ ನಾಯಿಯ ತುಟಿ ಎತ್ತಿ ವಸಡು ನೋಡಿ. ಬೆರಳಿಂದ ಒತ್ತಿದರೆ ಬೆಳ್ಳಗಾಗುತ್ತದೆ, ಬಿಟ್ಟ ಮೇಲೆ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು. ಆಮೇಲೆ ಹೆಗಲ ಮೇಲಿನ ಚರ್ಮ ಹಿಡಿದು ಎತ್ತಿ ಬಿಡಿ. ಟಪ್ಪಂತ ಹಿಂದಕ್ಕೆ ಹೋದರೆ ಸರಿ. ನಿಧಾನಕ್ಕೆ ಕೂತರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. ವಸಡು ಬಿಳಿಚಿದ್ದರೆ, ಮಲದಲ್ಲಿ ರಕ್ತ ಇದ್ದರೆ ಅಥವಾ ಅದು ಡಾಂಬರಿನ ಹಾಗೆ ಕಪ್ಪಗಿದ್ದರೆ, ಕುಡಿದ ನೀರೂ ನಿಲ್ಲದಿದ್ದರೆ ಮನೆಮದ್ದಿನ ಮಾತು ಬೇಡ. ಸೀದಾ ದನದ ದವಾಖಾನೆಗೆ ನಡೆಯಿರಿ.

ಮರಿಗಳ ಲೆಕ್ಕವೇ ಬೇರೆ. ಲಸಿಕೆ ಪೂರ್ತಿಯಾಗದ ಮರಿಗೆ ವಾಂತಿ, ಕೆಟ್ಟ ವಾಸನೆಯ ರಕ್ತಭೇದಿ ಶುರುವಾದರೆ ಪಾರ್ವೋ ಇರಬಹುದು. ಅದು ವೈರಸ್. ಮೊಸರನ್ನಕ್ಕೆ ಬಗ್ಗುವುದಿಲ್ಲ, ಸಂಜೆ ನೋಡೋಣ ಅಂದರೆ ಸಂಜೆಗೆ ಮರಿ ಇರುವುದಿಲ್ಲ.

ಮುಧೋಳದಂಥ ಆಳ ಎದೆಯ ನಾಯಿ ಸಾಕಿದವರು ಇನ್ನೊಂದು ಗೊತ್ತಿಟ್ಟುಕೊಳ್ಳಬೇಕು. ಹೊಟ್ಟೆ ಡೋಲಿನ ಹಾಗೆ ಉಬ್ಬಿ, ವಾಂತಿಗೆ ಎಷ್ಟು ತಿಣುಕಿದರೂ ಏನೂ ಬರದಿದ್ದರೆ ಹೊಟ್ಟೆ ತಿರುಚಿಕೊಂಡಿರಬಹುದು. ಅಲ್ಲಿ ಗಂಟೆಗಳ ಲೆಕ್ಕ. ಉಂಡ ಕೂಡಲೇ ಓಡಿಸಬೇಡಿ ಅನ್ನುವುದು ಇದಕ್ಕೇ.

ಇವು ಯಾವುದೂ ಇಲ್ಲ, ನಾಯಿ ಲವಲವಿಕೆಯಿಂದಲೇ ಇದೆ, ಬರೀ ಒಂದೆರಡು ವಾಂತಿ ಅಥವಾ ತೆಳ್ಳಗಿನ ಭೇದಿ ಅಂದರೆ ಮುಂದೆ ಓದಿ.

ಹೊಟ್ಟೆಗೆ ಬಿಡುವು

ವಾಂತಿ ಆಗುತ್ತಿರುವ ದೊಡ್ಡ ನಾಯಿಗೆ 8ರಿಂದ 12 ಗಂಟೆ ಊಟ ಬೇಡ. ಮರಿಗಳನ್ನು ಮಾತ್ರ ಉಪವಾಸ ಕೆಡವಬೇಡಿ, ರಕ್ತದಲ್ಲಿ ಸಕ್ಕರೆ ಇಳಿದು ಬಿಡುತ್ತದೆ. ಬರೀ ಭೇದಿ ಇದ್ದರೆ ದೊಡ್ಡ ನಾಯಿಗೂ ಉಪವಾಸದ ಅಗತ್ಯವಿಲ್ಲ. ನೀರಿನ ಬೋಗುಣಿ ತುಂಬಿಡಬೇಡಿ. ಒಮ್ಮೆಗೇ ಗಟಗಟ ಕುಡಿದು ಮತ್ತೆ ಕಕ್ಕುತ್ತದೆ. ಅರ್ಧ ಗಂಟೆಗೊಮ್ಮೆ ನಾಲ್ಕೈದು ಚಮಚ ಸಾಕು.

ಬಿಜಲಿಯ ಹಾಗೆ ನಸುಕಿನಲ್ಲೇ, ಖಾಲಿ ಹೊಟ್ಟೆಯಲ್ಲಿ, ಪದೇ ಪದೇ ಹಳದಿ ನೊರೆ ಬರುತ್ತಿದ್ದರೆ ಅದು ಪಿತ್ತ. ರಾತ್ರಿ ಊಟಕ್ಕೂ ಬೆಳಗಿನ ಊಟಕ್ಕೂ ಅಂತರ ಜಾಸ್ತಿ ಆಗಿರುತ್ತದೆ. ಮಲಗುವ ಮುನ್ನ ಒಂದು ಹಿಡಿ ಊಟ ಕೊಟ್ಟರೆ ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ.

ಸಪ್ಪೆ ಅನ್ನ, ಸಪ್ಪೆ ಕೋಳಿ

250 ಗ್ರಾಂ ಕೋಳಿ ತನ್ನಿ. ಚರ್ಮ, ಎಲುಬು ಎರಡೂ ಬೇಡ. ಬರೀ ನೀರಲ್ಲಿ ಬೇಯಿಸಿ. ಉಪ್ಪು, ಎಣ್ಣೆ, ಅರಿಶಿನ ಏನೂ ಹಾಕಬೇಡಿ. "ಒಂದ್ ಚೂರು ಉಪ್ಪಿಲ್ಲದ ಹೆಂಗ ತಿಂತೈತಿ ಪಾಪ" ಅಂತ ಮನೆಯಲ್ಲಿ ಯಾರಾದರೂ ಅಂದೇ ಅನ್ನುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಬೆಂದ ನೀರು ತಣ್ಣಗಾದ ಮೇಲೆ ಮೇಲೆ ತೇಲುವ ಕೊಬ್ಬನ್ನು ಚಮಚದಿಂದ ತೆಗೆದುಬಿಡಿ. ಮುಕ್ಕಾಲು ಲೋಟ ಅಕ್ಕಿಗೆ ನೀರು ಜಾಸ್ತಿ ಹಾಕಿ ಮುದ್ದೆಯಾಗುವಂತೆ ಅನ್ನ ಮಾಡಿ. ಕೋಳಿಯನ್ನು ಎಳೆ ಎಳೆಯಾಗಿ ಬಿಡಿಸಿ. ಎರಡು ಪಾಲು ಅನ್ನಕ್ಕೆ ಒಂದು ಪಾಲು ಕೋಳಿ ಸೇರಿಸಿ ಕೈಯಿಂದಲೇ ಕಿವುಚಿ. ಮೊದಲ ಸಲ ಒಂದು ಹಿಡಿ ಮಾತ್ರ. ಎರಡು ಗಂಟೆ ವಾಂತಿ ಆಗದಿದ್ದರೆ ಇನ್ನೊಂದು ಹಿಡಿ. ಹೀಗೆ ದಿನಕ್ಕೆ ನಾಲ್ಕೈದು ಸಲ, ಮೂರು ದಿನ.

ಮನೆಯಲ್ಲಿ ಮಾಂಸ ಬೇಯಿಸದವರು ಮೊಸರನ್ನ ಕೊಡಬಹುದು. ಒಗ್ಗರಣೆ, ಉಪ್ಪು ಇಲ್ಲದ್ದು. ಮೊಟ್ಟೆ ನಡೆಯುವುದಾದರೆ ಬೇಯಿಸಿದ ಮೊಟ್ಟೆ ಚೂರು ಮಾಡಿ ಹಾಕಿ. ಎರಡು ಮೂರು ದಿನಕ್ಕೆ ಇದು ಸಾಕು, ಆದರೆ ಇದನ್ನೇ ವರ್ಷಪೂರ್ತಿ ಹಾಕಿದರೆ ಪ್ರೋಟೀನು ಸಾಲದು.

ಜೋಳದ ರೊಟ್ಟಿ ಏನು ಪಾಪ ಮಾಡಿತ್ತು ಅಂತ ನೀವು ಕೇಳಬಹುದು. ಏನೂ ಇಲ್ಲ. ಮನುಷ್ಯನ ಜೊತೆ ಬದುಕಿ ಬದುಕಿ ನಾಯಿಗೆ ಪಿಷ್ಟ ಅರಗಿಸುವ ಶಕ್ತಿ ತೋಳಕ್ಕಿಂತ ಜಾಸ್ತಿ ಬಂದಿದೆ. ನಮ್ಮ ಹಳ್ಳಿಗಳ ಬೇಟೆನಾಯಿಗಳು ರೊಟ್ಟಿ ತಿಂದೇ ಮೊಲದ ಹಿಂದೆ ಓಡಿದವು. ಆದರೆ ಜೋಳದಲ್ಲಿ ನಾರು ಜಾಸ್ತಿ. ಕೆಟ್ಟ ಹೊಟ್ಟೆಗೆ ಅನ್ನ ಹಗುರ. ಹುಷಾರಾದ ಮೇಲೆ ಖಡಕ್ ರೊಟ್ಟಿಯನ್ನು ನೆನೆಸಿ ಹಾಕಿ. ನೆನೆಸಿದ್ದು ಉಳಿದರೆ ಚೆಲ್ಲಿ. ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನದೊಳಗೆ ಹುಳಿ ಬರುತ್ತದೆ.

ಅಡುಗೆಮನೆಯಲ್ಲಿ ಯಾವುದು ಮದ್ದು, ಯಾವುದು ವಿಷ

ಕೆಂಪು ಕುಂಬಳಕಾಯಿ ನನಗೆ ಎಲ್ಲಕ್ಕಿಂತ ಇಷ್ಟವಾದ ಮದ್ದು. ಬೇಯಿಸಿ, ಕಿವುಚಿ, ಊಟಕ್ಕೆ ಒಂದೆರಡು ದೊಡ್ಡ ಚಮಚ ಬೆರೆಸಿ. ಅದರ ನಾರು ಭೇದಿಯಾದರೆ ನೀರು ಹೀರಿ ಗಟ್ಟಿ ಮಾಡುತ್ತದೆ, ಮಲಬದ್ಧತೆಯಾದರೆ ಸಡಿಲ ಮಾಡುತ್ತದೆ. ಇಸಬಗೋಲ್ ಕೂಡ ಇದೇ ಕೆಲಸ ಮಾಡುತ್ತದೆ. ಅರ್ಧ ಟೀ ಚಮಚ ಸಾಕು, ನೀರಲ್ಲಿ ಚೆನ್ನಾಗಿ ನೆನೆದಿರಬೇಕು.

ಹಾಲು ಬೇಡ. ದೊಡ್ಡ ನಾಯಿಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ, ಕರುಳಲ್ಲಿ ಅದು ಹುದುಗಿ ಗ್ಯಾಸು, ಭೇದಿ. ಮೊಸರು, ಮಜ್ಜಿಗೆಯಲ್ಲಿ ಆ ಸಕ್ಕರೆ ಸ್ವಲ್ಪ ಕಡಿಮೆ ಇರುತ್ತದೆ. ಅದಕ್ಕೇ ಅವ್ವನ ವಾಟಗ ಈಗ ನೀರು ಮಜ್ಜಿಗೆಗೆ ಬದಲಾಗಿದೆ.

ಜಂತಿಗೆ ಬಳ್ಳೊಳ್ಳಿ (ಬೆಳ್ಳುಳ್ಳಿ) ಕೊಡಿ ಅನ್ನುವವರು ಪ್ರತಿ ಓಣಿಗೊಬ್ಬರು ಇದ್ದಾರೆ. ಕೊಡಬೇಡಿ. ಬಳ್ಳೊಳ್ಳಿ, ಉಳ್ಳಾಗಡ್ಡಿ (ಈರುಳ್ಳಿ) ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಹಸಿಯೋ, ಬೆಂದದ್ದೋ, ಪುಡಿಯೋ, ಎಲ್ಲವೂ ಒಂದೇ. ಝುಣಕದಲ್ಲಿ, ಎಣ್ಣೆಗಾಯಿಯಲ್ಲಿ, ಶೇಂಗಾ ಚಟ್ನಿಯಲ್ಲಿ ಇವೆರಡು ಇಲ್ಲದ ಮನೆ ನಮ್ಮ ಕಡೆ ಎಲ್ಲಿದೆ ಹೇಳಿ? ಪಲ್ಯ ಸವರಿದ ರೊಟ್ಟಿ ಬೇಡ ಅನ್ನುವುದು ಇದಕ್ಕೇ. ನನ್ನ ಆಮ್ಲೆಟ್ಟಿನಲ್ಲೂ ಉಳ್ಳಾಗಡ್ಡಿ ಇತ್ತು. ಇದನ್ನು ಇಲ್ಲೇ ಮೊದಲು ಒಪ್ಪಿಕೊಳ್ಳುತ್ತಿದ್ದೇನೆ.

ವಿಜಯಪುರ, ತಿಕೋಟಾ ಕಡೆಯವರಿಗೆ ಒಂದು ಮಾತು ಜಾಸ್ತಿ ಹೇಳಬೇಕು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿಯನ್ನೇ ಕೆಡಿಸಬಹುದು. ಕೆಲವು ನಾಯಿಗೆ ಏನೂ ಆಗುವುದಿಲ್ಲ, ಕೆಲವಕ್ಕೆ ನಾಲ್ಕಾರು ಕಾಳೂ ಹೆಚ್ಚಾಗುತ್ತದೆ. ನಮ್ಮದು ಯಾವುದು ಅಂತ ಪರೀಕ್ಷೆ ಮಾಡಲು ಹೋಗಬೇಡಿ. ಒಣಗಿಸುವ ಶೆಡ್ಡಿನ ಹತ್ತಿರ ನಾಯಿ ಕಟ್ಟಬೇಡಿ, ಒಣದ್ರಾಕ್ಷಿ ಹಾಕಿದ ಕರದಂಟಿನ ತುಣುಕನ್ನೂ ಎಸೆಯಬೇಡಿ. ತಿಂದದ್ದು ಕಂಡರೆ ವಾಂತಿ, ಭೇದಿಗೆ ಕಾಯದೆ ಡಾಕ್ಟರ ಹತ್ತಿರ ಒಯ್ಯಿರಿ. ಮನೆಯಲ್ಲಿರುವ ಜ್ವರದ, ಮೈಕೈ ನೋವಿನ ಗುಳಿಗೆಗಳ ವಿಷಯದಲ್ಲೂ ಇದೇ ಮಾತು.

ಮತ್ತೆ ಮಾಮೂಲಿ ಊಟ

ಮಲ ಗಟ್ಟಿಯಾಯಿತು ಅಂತ ನಾಲ್ಕನೇ ದಿನವೇ ಹಳೇ ಊಟ ತುಂಬಿ ಇಟ್ಟರೆ ಐದನೇ ದಿನ ಮತ್ತೆ ಮೊದಲಿಂದ. ಎರಡು ದಿನ ಕಾಲು ಭಾಗ ಹಳೇ ಊಟ, ಎರಡು ದಿನ ಅರ್ಧ, ಎರಡು ದಿನ ಮುಕ್ಕಾಲು, ಏಳನೇ ದಿನ ಪೂರ್ತಿ. ಅಂಗಡಿಯ ಆಹಾರದ ಬ್ರ್ಯಾಂಡು ಬದಲಿಸುವಾಗಲೂ ಇದೇ ಲೆಕ್ಕ. ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ ಜಂತಿನ ಔಷಧ ತಪ್ಪಿಸಬೇಡಿ, ತೂಕ ಹೇಳಿ ಡಾಕ್ಟರಿಂದ ಬರೆಸಿಕೊಳ್ಳಿ.

ಇಷ್ಟಾದರೂ ಬಿಜಲಿಗೆ ತಿಂಗಳಿಗೆ ಮೂರು ಸಲ ಹೊಟ್ಟೆ ಕೆಡುತ್ತಿತ್ತು. ಆಗ ಮಗಳ ಹಳೇ ನೋಟ್‌ಬುಕ್ಕನ್ನು ಬಾಗಿಲ ಹಿಂದೆ ದಾರ ಕಟ್ಟಿ ತೂಗುಹಾಕಿದೆ. ಏನು ಹಾಕಿದಿರಿ, ಎಷ್ಟೊತ್ತಿಗೆ, ಯಾರು. ಪಕ್ಕದಲ್ಲಿ ಮಲ ಹೇಗಿತ್ತು ಅನ್ನುವ ಕಾಲಂ. (ಮಗಳು ಅದಕ್ಕೆ ಚಿತ್ರ ಬಿಡಿಸುತ್ತಿದ್ದಳು.) ಹೊಸದೇನಾದರೂ ಕೊಡುವುದಿದ್ದರೆ ಒಂದು ಸಲಕ್ಕೆ ಒಂದೇ, ಆಮೇಲೆ ಒಂದು ವಾರ ಕಾಯಬೇಕು ಅಂತ ನಿಯಮ ಮಾಡಿದೆವು.

ಐದು ವಾರ ಬರೆದ ಮೇಲೆ ಗೊತ್ತಾಯಿತು, ಕೆಡುತ್ತಿದ್ದದ್ದು ಬರೀ ಸೋಮವಾರ. ನಮ್ಮ ಮನೆಯವರು ಯಾರೂ ಏನೂ ಹಾಕಿರಲಿಲ್ಲ. ಭಾನುವಾರ ರಾತ್ರಿ ಪಕ್ಕದ ಮನೆ ಕಾಕಾ ಊಟ ಮುಗಿಸಿ, ಮಟನ್ನಿನ ಕೊಬ್ಬು, ಎಲುಬು ಎಲ್ಲ ಕಾಂಪೌಂಡಿನ ಮೇಲಿಂದ ಎಸೆಯುತ್ತಿದ್ದರು. ಕೊಬ್ಬು ಜಾಸ್ತಿಯಾದರೆ ನಾಯಿಯ ಮೇದೋಜೀರಕ ಗ್ರಂಥಿಯೇ ಊದಿಕೊಳ್ಳಬಹುದು, ಬೆಂದ ಎಲುಬು ಸೀಳಿ ಕರುಳಿಗೆ ಚುಚ್ಚಬಹುದು ಅಂತ ಹೇಳಿದೆ. "ಹಂಗಾರ ನಾ ಏನ ಹಾಕ್ಲೋ?" ಅಂದರು ಕಾಕಾ, ಸಪ್ಪಗೆ ಮುಖ ಮಾಡಿ.

ಈಗ ಕಾಂಪೌಂಡಿನ ಮೇಲೆ ಬೇಯಿಸಿದ ಗೆಣಸಿನ ಚೂರುಗಳ ಡಬ್ಬಿ ಇಡುತ್ತೇನೆ. ಸಂಜೆಗೆ ಅದು ಖಾಲಿ. ಅರ್ಧ ಕಾಕಾನೇ ತಿನ್ನುತ್ತಾರೆ ಅಂತ ನನಗೆ ಅನುಮಾನ.