ಅಕಾರಾದಿ ಬಿಟ್ಟು ದಿನಾಂಕ ಹಿಡಿದೆ: ನನ್ನ ಎಲ್‌ಪಿ ಕಪಾಟಿನ ಅನುಭವ

ಹೋದ ತಿಂಗಳು ಹಳೆಯ ಸ್ನೇಹಿತರೊಬ್ಬರು ಕೈಗಡಿಯಾರ ನೋಡುತ್ತ ನನ್ನ ಕಪಾಟಿನ ಮುಂದೆ ನಿಂತರು. ತಮಗೆ ತೋಚಿದ 10 ಎಲ್‌ಪಿಗಳ (ಸೂಜಿಯಿಟ್ಟು ಕೇಳುವ ದೊಡ್ಡ ಗ್ರಾಮಫೋನ್ ತಟ್ಟೆಗಳ) ಹೆಸರು ಹೇಳಿದರು. ಹತ್ತನ್ನೂ ತೆಗೆದುಕೊಟ್ಟೆ, ಯಾವುದಕ್ಕೂ ಅರ್ಧ ನಿಮಿಷಕ್ಕಿಂತ ಹೆಚ್ಚು ಹಿಡಿಯಲಿಲ್ಲ. ಮೂರು ವರ್ಷದ ಹಿಂದೆ ‘ಕೇಳಿದ ದಿನಾಂಕದಂತೆ ಜೋಡಿಸಿದರೆ ಒಂದೂ ಕೈಗೆ ಸಿಗುವುದಿಲ್ಲ’ ಎಂದು ಖಂಡಿತವಾಗಿ ಹೇಳಿದ್ದವರು ಅವರೇ. ಇದನ್ನು ಬರೆಯಲೇಬೇಕೆಂದು ಅಂದೇ ನಿಶ್ಚಯಿಸಿದೆ.

ನನ್ನ ಪದ್ಧತಿ ಇಷ್ಟೇ. ಕೇಳಿ ಮುಗಿಸಿದ ತಟ್ಟೆ ತನ್ನ ಹಳೆಯ ಜಾಗಕ್ಕೆ ಮರಳುವುದಿಲ್ಲ, ಆ ತಿಂಗಳ ಖಾನೆಯ ಕೊನೆಗೆ ಹೋಗಿ ನಿಲ್ಲುತ್ತದೆ. ಅಕಾರಾದಿ ಇರುವುದು ಕಂಪ್ಯೂಟರಿನ ಪಟ್ಟಿಯಲ್ಲಿ ಮಾತ್ರ. ಪ್ರತಿ ಹೆಸರಿನ ಎದುರು ಕೇಳಿದ ದಿನಾಂಕಗಳನ್ನೆಲ್ಲ ಬರೆದಿರುತ್ತೇನೆ. ಕೊನೆಯ ದಿನಾಂಕವೇ ತಟ್ಟೆಯ ವಿಳಾಸ. ತಿಂಗಳಿಗೊಂದು ರಟ್ಟು ಅಡ್ಡ ಇಟ್ಟಿರುವುದರಿಂದ, ಯಾವ ತಿಂಗಳು ಎಂದು ಗೊತ್ತಾದರೆ ಹದಿನೈದು ಇಪ್ಪತ್ತು ತಟ್ಟೆಗಳ ನಡುವೆ ಹುಡುಕಿದರೆ ಸಾಕು.

ಇದಕ್ಕೆ ಬರುವ ಮೊದಲು ಎಲ್ಲರಂತೆ ನಾನೂ ಕಲಾವಿದರ ಹೆಸರಿನಂತೆ ಜೋಡಿಸಿದ್ದೆ. ಸುಮಾರು 640 ಎಲ್‌ಪಿಗಳು. ಹೊಸದೊಂದು ಬಂದರೆ ಸಾಲಿನ ಅರ್ಧವನ್ನು ಸರಿಸಬೇಕು. ಇಬ್ಬರು ಸೇರಿ ನುಡಿಸಿದ್ದನ್ನು ಯಾರ ಹೆಸರಿನಲ್ಲಿ ಇಡುವುದು? ಆಮೇಲೆ ಸಂಗೀತದ ಬಗೆಯಂತೆ ವಿಂಗಡಿಸಿದೆ. ಅದು ಇನ್ನೂ ಕೆಟ್ಟಿತು. ಒಂದೇ ತಟ್ಟೆ ಮನಸ್ಸಿನ ಸ್ಥಿತಿಗೆ ತಕ್ಕಂತೆ ಮೂರು ಬಗೆಗೆ ಸೇರುತ್ತಿತ್ತು. ಆ ಕಾಲದಲ್ಲೇ ಮನೆಯಲ್ಲಿದ್ದ ರೆಕಾರ್ಡನ್ನೇ ಮತ್ತೆ ಕೊಂಡದ್ದು ಕಡಿಮೆಯೆಂದರೆ ಹದಿನಾಲ್ಕು ಸಲ. ನಾನು ಈ ಹವ್ಯಾಸದ ಹಣವನ್ನು ಪ್ಲೇಯರಿನ ಸೂಜಿಯ ಲೆಕ್ಕದಲ್ಲಿ ಎಣಿಸುತ್ತೇನೆ, ಏಕೆಂದರೆ ತಪ್ಪದೆ ಬರುವ ಖರ್ಚು ಅದೊಂದೇ. ಆ ಹದಿನಾಲ್ಕು ತಟ್ಟೆಗಳ ಬೆಲೆ ಎರಡು ಸೂಜಿಗೆ ಸಮ.

ಹೊಸ ಪದ್ಧತಿಯೂ ಮೊದಲ ಸಲಕ್ಕೆ ಕೈ ಹಿಡಿಯಲಿಲ್ಲ. ಕೇಳಿದ ತಟ್ಟೆಯನ್ನು ಸಾಲಿನ ಎಡತುದಿಗೆ ಸೇರಿಸುತ್ತಿದ್ದೆ. ಅಂದರೆ ದಿನವೂ ಉಳಿದ ಸಾಲನ್ನೆಲ್ಲ ಬಲಕ್ಕೆ ತಳ್ಳಬೇಕು. ಹೊದಿಕೆ ಸೇರಿ ಒಂದು ಎಲ್‌ಪಿ ಕಾಲು ಕಿಲೋಗೆ ಕಡಿಮೆಯಿಲ್ಲ. ಒಟ್ಟು 160 ಕಿಲೋ ಮೇಲಾಯಿತು. ಎರಡು ತಿಂಗಳಲ್ಲಿ ಹೊದಿಕೆಗಳ ಕೆಳ ಅಂಚು ಸವೆದು ಬಿಳಿಯ ರಟ್ಟು ಕಾಣತೊಡಗಿತು. ಬಿಡೋಣವೆಂದೇ ಯೋಚಿಸಿದೆ. ಆಮೇಲೆ ಹೊಳೆದದ್ದು, ಸಾಲನ್ನು ಸರಿಸುವ ಅಗತ್ಯವೇ ಇಲ್ಲವೆಂದು. ಕಪಾಟಿನಲ್ಲಿ 11 ಖಾನೆಗಳಿವೆ. ಒಂದೊಂದರಲ್ಲಿ 70 ಹಿಡಿಯುತ್ತವೆ, ಆದರೆ ಪೂರ್ತಿ ತುಂಬುವುದಿಲ್ಲ. ಒತ್ತಿ ತುಂಬಿದರೆ ಹೊದಿಕೆಯ ಮೇಲೆ ತಟ್ಟೆಯ ಉಂಗುರ ಮೂಡುತ್ತದೆ, ಸಡಿಲ ಬಿಟ್ಟರೆ ತಟ್ಟೆಗಳು ವಾಲಿ ಬಾಗುತ್ತವೆ. ಈಗಿನ ತಿಂಗಳಿಗೆ ಒಂದು ಖಾಲಿ ಖಾನೆ. ಹಳೆಯ ಖಾನೆಗಳಿಂದ ತಟ್ಟೆಗಳು ಒಂದೊಂದಾಗಿ ಹೊರಬರುತ್ತ ತಾವಾಗಿ ತೆಳುವಾಗುತ್ತವೆ. ಅಕ್ಕಪಕ್ಕದ ಎರಡು ತೆಳುವಾದಾಗ ಕೂಡಿಸುತ್ತೇನೆ, ಮುಂದಿನ ತಿಂಗಳುಗಳಿಗೆ ಒಂದು ಖಾನೆ ಬಿಡುವಾಗುತ್ತದೆ. ವರ್ಷಕ್ಕೆ ನಾಲ್ಕೈದು ಸಲದ ಕೆಲಸ, ಅಷ್ಟೇ.

ಒಂದೂವರೆ ವರ್ಷ ಹೀಗೆ ನಡೆಸಿದ ಮೇಲೆ ಎಣಿಸಿದೆ. ವಾರಕ್ಕೆ ಐದರಂತೆ ಕೇಳಿದ್ದರೂ ಅವೇ ಅವು ಮರಳಿ ಬಂದಿದ್ದವು. ಮುಟ್ಟಿದ್ದು 260ರ ಹತ್ತಿರ. ಉಳಿದ 380 ಬಲತುದಿಯಲ್ಲಿ ಅಲುಗದೆ ಕುಳಿತಿದ್ದವು. ಅಕಾರಾದಿಯ ಸಾಲು ಇಪ್ಪತ್ತು ವರ್ಷ ನನ್ನಿಂದ ಮುಚ್ಚಿಟ್ಟಿದ್ದ ಸತ್ಯ ಇದು.

ಹಾಗೆಂದು ಒಟ್ಟಿಗೆ ಮಾರಲಿಲ್ಲ. ಕೇಳದೆ ಒಂದನ್ನೂ ಕೊಡಬಾರದೆಂದು ನಿಯಮ ಮಾಡಿಕೊಂಡೆ. ಪ್ರತಿಯೊಂದರ ಮೊದಲ ಮುಖವನ್ನು ಪೂರ್ತಿ ಕೇಳುವುದು. ಮುಗಿದ ಕೂಡಲೇ ಎದ್ದು ಮಗುಚಿ ಹಾಕಿದರೆ ಅದು ಉಳಿಯಿತು. ಎದ್ದು ಹೊದಿಕೆಗೆ ಕೈ ಹಾಕಿದರೆ ಅದು ಹೊರಟಿತು. ಯೋಚಿಸುತ್ತ ಕುಳಿತರೆ ಇನ್ನೊಂದು ತಿಂಗಳ ಗಡುವು. ಒಂದು ಮುಖಕ್ಕೆ 20 ನಿಮಿಷವೆಂದರೂ 120 ಗಂಟೆ ದಾಟಿತು. ಇಷ್ಟು ಸಂತೋಷ ಕೊಟ್ಟ ಚಳಿಗಾಲ ನನ್ನ ನೆನಪಿನಲ್ಲಿ ಇನ್ನೊಂದಿಲ್ಲ. ಕೊಂಡ ದಿನ ಒಮ್ಮೆ ಕೇಳಿ ಮರೆತಿದ್ದ ಸುಮಾರು 150 ತಟ್ಟೆಗಳು ಮರಳಿ ನನ್ನವಾದವು. ಮಾರಿದ್ದು 230.

ಮಾರಾಟದಲ್ಲಿ ಒಂದು ಹಳೆಯ ಅಭ್ಯಾಸ ನೆರವಾಯಿತು. ಹಾಡು ಮುಗಿದು ಲೇಬಲ್ಲಿನ ತನಕ ಉಳಿಯುವ ನುಣುಪು ಪಟ್ಟಿಯಲ್ಲಿ ಕೆತ್ತಿರುವ ಅಂಕಿಗಳನ್ನು ನಾನು ಕಂಪ್ಯೂಟರಿನಲ್ಲಿ ಬರೆದಿಡುತ್ತೇನೆ. ಹೊದಿಕೆ ಒಂದೇ ಇದ್ದರೂ ಅಚ್ಚು ಬೇರೆಯಾಗಿದ್ದರೆ ತಿಳಿಯುವುದು ಅಲ್ಲಿಯೇ. ಆ ಅಂಕಿ ತೋರಿಸಿದ ಮೇಲೆ ಕೊಳ್ಳುವವರು ಚೌಕಾಸಿ ನಿಲ್ಲಿಸಿದರು. ಮೊದಲ 40 ತಟ್ಟೆಗಳನ್ನು ಮಾತ್ರ ಅವಸರದಲ್ಲಿ ಒಬ್ಬ ವ್ಯಾಪಾರಿಗೆ ಒಟ್ಟಾಗಿ ಕೊಟ್ಟು ಕೆಟ್ಟೆ. ಒಂದು ಸೂಜಿಯ ಬೆಲೆಯೂ ಬರಲಿಲ್ಲ. ಉಳಿದ 190ನ್ನು ಒಂದೊಂದಾಗಿ ಮಾರಿದಾಗ ಹತ್ತು ಸೂಜಿಗಳ ಹಣ ಬಂತು. ಯಾವ ಕ್ರಮದಲ್ಲಿ ಮಾರಿದೆ, ಮೊದಲು ಯಾರಿಗೆ ತೋರಿಸಿದೆ ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ತಟ್ಟೆಯನ್ನು ತೊಳೆದು ನೀರನ್ನು ಹೀರಿಕೊಳ್ಳುವ ಯಂತ್ರ ಬಂದದ್ದು ಆ ಹಣದಲ್ಲಿಯೇ.

ತೊಳೆಯುವ ವಿಷಯದಲ್ಲಿ ಪ್ರಯೋಗಗಳು ಬಹಳ ಆದವು. ಬಡಗಿಗಳು ಬಳಸುವ ಬಿಳಿ ಅಂಟನ್ನು ತಟ್ಟೆಯ ಮೇಲೆ ಸವರಿ, ಒಣಗಿದ ಮೇಲೆ ಹಾಳೆಯಂತೆ ಸುಲಿಯುವ ವಿಧಾನ ನಿಮಗೂ ಗೊತ್ತಿರುತ್ತದೆ. ಎರಡು ತಟ್ಟೆಗಳಲ್ಲಿ ಅದ್ಭುತವಾಗಿ ಬಂತು. ಮೂರನೆಯದರ ಅಂಚಿನಲ್ಲಿ ಅಂಟು ತೆಳುವಾಗಿ ಚೂರುಚೂರಾಗಿ ಗೆರೆಗಳಲ್ಲೇ ಉಳಿಯಿತು. ಅದರ ಮೇಲೆ ದಪ್ಪಗೆ ಇನ್ನೊಮ್ಮೆ ಬಳಿದು ಒಂದು ದಿನ ಕಾದು ಸುಲಿದೆ. ತಟ್ಟೆ ಉಳಿಯಿತು, ನನ್ನ ತಾಳ್ಮೆ ಉಳಿಯಲಿಲ್ಲ. ಈಗ ಭಟ್ಟಿ ಇಳಿಸಿದ ನೀರು, ಅದಕ್ಕೆ ನನ್ನದೇ ಪ್ರಮಾಣದಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಇನ್ನೊಂದು ಪದಾರ್ಥದ ಎರಡು ಹನಿ. ಆ ಇನ್ನೊಂದರ ಹೆಸರು ಹೇಳುವುದಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಅರಗಿನ ತಟ್ಟೆಗಳ ಹತ್ತಿರ ಮಾತ್ರ ಆಲ್ಕೊಹಾಲ್ ಸುಳಿಯಬಾರದು, ಅರಗು ಕರಗಿಹೋಗುತ್ತದೆ. ನನ್ನಲ್ಲಿರುವ 40 ಅಂಥ ತಟ್ಟೆಗಳಿಗೆ ಬೇರೆ ಸೂಜಿ, ಬೇರೆ ಪೆಟ್ಟಿಗೆ. ಅವು ಈ ದಿನಾಂಕದ ಲೆಕ್ಕಕ್ಕೆ ಸೇರಿಲ್ಲ.

ಬಾಗಿದ ತಟ್ಟೆಯನ್ನು ಎರಡು ಗಾಜುಗಳ ನಡುವೆ ಇಟ್ಟು ಓವನ್ನಿನಲ್ಲಿ ಬೆಚ್ಚಗೆ ಮಾಡಿದ್ದೂ ಉಂಟು. ಬಾಗು ಹೋಯಿತು, ಜೊತೆಗೆ ಸಂಗೀತವೂ ಹೋಯಿತು. ಉಳಿದದ್ದು ತುಂಬ ಮೊರೆತ. ಆ ದಾರಿಗೆ ಮತ್ತೆ ಹೋಗಿಲ್ಲ.

ಅತಿ ದೊಡ್ಡ ನಷ್ಟ ಆದದ್ದು ಮಾತ್ರ ರಕ್ಷಣೆಗೆಂದು ಹಾಕಿದ ಹೊರಹೊದಿಕೆಗಳಿಂದ. ಮೆತ್ತಗಿನ, ಗಾಜಿನಂತೆ ಹೊಳೆಯುವ ಪಿವಿಸಿ ಪ್ಲಾಸ್ಟಿಕ್ ಕವರುಗಳನ್ನು ಹಾಕಿ ಆರು ವರ್ಷ ಮುಟ್ಟದೆ ಇಟ್ಟಿದ್ದೆ. ತೆಗೆದರೆ ಸುಮಾರು 30 ತಟ್ಟೆಗಳ ಮೇಲೆ ಮಂಜಿನಂಥ ಪೊರೆ. ತೊಳೆದರೂ ಹೋಗದು, ಸೂಜಿ ಇಟ್ಟರೆ ಸುಯ್ಯೆನ್ನುವ ಸದ್ದು. ಅವುಗಳಲ್ಲಿ ನಾಲ್ಕು ನನಗೆ ಬಹಳ ಬೇಕಾದವು. ಕವರುಗಳನ್ನೆಲ್ಲ ಕಿತ್ತು ಪಾಲಿಪ್ರೊಪಿಲೀನ್ ಎಂಬ ಬೇರೆ ಪ್ಲಾಸ್ಟಿಕ್ಕಿನವನ್ನು ಹಾಕಿಸಿದೆ. ಅದಕ್ಕೆ ಒಂದೂವರೆ ಸೂಜಿ ಖರ್ಚಾಯಿತು.

ದಿನಾಂಕ ಬರೆಯುವ ಅಭ್ಯಾಸದಿಂದ ನಿರೀಕ್ಷಿಸದೇ ಸಿಕ್ಕ ಲಾಭವೊಂದಿದೆ. ಎಷ್ಟು ಮುಖಗಳನ್ನು ಕೇಳಿದೆ ಎಂದು ಪಟ್ಟಿಯೇ ಹೇಳುತ್ತದೆ. ಮೂರು ಮುಖಕ್ಕೆ ಒಂದು ಗಂಟೆಯೆಂದು ಹಿಡಿದರೆ ಸೂಜಿಯ ಆಯುಷ್ಯ ತಿಳಿಯುತ್ತದೆ. ಮೊದಲು ಸೂಜಿ ಬದಲಿಸಲು, ಲೇಬಲ್ಲಿನ ಹತ್ತಿರದ ಒಳಸುತ್ತಿನ ಹಾಡುಗಳಲ್ಲಿ ‘ಸ’ಕಾರ ಒಡೆದು ಕೇಳುವ ತನಕ ಕಾಯುತ್ತಿದ್ದೆ. ಅಷ್ಟರಲ್ಲಿ ಎಷ್ಟು ತಟ್ಟೆಗಳ ಗೆರೆ ಸವೆದಿತ್ತೋ. ಈಗ 500 ಗಂಟೆಗೆ ಕಣ್ಣುಮುಚ್ಚಿ ಬದಲಿಸುತ್ತೇನೆ.

ಈಗ ಉಳಿದಿರುವುದು 410ರ ಆಸುಪಾಸು, ಎರಡು ಖಾನೆಗಳು ಪೂರ್ತಿ ಖಾಲಿ. ವರ್ಷ ದಾಟಿದರೂ ಮುಟ್ಟದೆ ಉಳಿದವು ಬಲತುದಿಯಲ್ಲಿ ಹನ್ನೊಂದೇ ಹನ್ನೊಂದು. ಅವುಗಳಲ್ಲಿ ಮೊದಲನೆಯದನ್ನು ನಿನ್ನೆ ರಾತ್ರಿ ತೊಳೆದು ಒಣಗಲು ಇಟ್ಟಿದ್ದೇನೆ.